ಅಲ್ಯೂಮಿನಿಯಂ ವೈರಿಂಗ್‌ನ ಮನೆ: ಇನ್‌ಸ್ಪೆಕ್ಟರ್‌ಗೆ ಮೂರು ಸ್ಟಾರ್, ಎಲೆಕ್ಟ್ರಿಷಿಯನ್‌ಗೆ ನಾಲ್ಕೂವರೆ

ಟೊರಾಂಟೊ ಸುತ್ತಮುತ್ತ ಸಂಬಳದವರ ಕೈಗೆಟುಕುವ, ಹಿಂದೆ ಒಂದಿಷ್ಟು ಹಿತ್ತಲೂ ಇರುವ ಮನೆ ಬೇಕೆಂದರೆ ಅದು ಹೆಚ್ಚಾಗಿ 1970ರ ಆಸುಪಾಸಿನದೇ ಆಗಿರುತ್ತದೆ. ಆ ಕಾಲದ ಮನೆಯಾದರೆ ಗೋಡೆಯೊಳಗೆ ಅಲ್ಯೂಮಿನಿಯಂ ತಂತಿ ಇರುವ ಸಾಧ್ಯತೆಯೂ ಇರುತ್ತದೆ. ನಾವು ಕೊಂಡದ್ದು ಬ್ರಾಂಪ್ಟನ್‌ನ ಬ್ರಾಮಲಿಯಾದಲ್ಲಿ, ಜಿ ಸೆಕ್ಷನ್‌ನಲ್ಲಿ, 1972ರಲ್ಲಿ ಕಟ್ಟಿದ ಒಂದು ಜೋಡಿಮನೆಯ ಅರ್ಧ. ಬ್ರಾಮಲಿಯಾ ನಕ್ಷೆ ಹಾಕಿ ಕಟ್ಟಿದ ಊರು. ಅಲ್ಲಿ ಒಂದು ಸೆಕ್ಷನ್‌ನ ಬೀದಿಗಳ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ನಕ್ಷೆ ಹಾಕಿದವರಿಗೆ ಇದು ಬಹಳ ಚೆನ್ನಾಗಿ ಕಂಡಿರಬೇಕು; ರಾತ್ರಿ ಪಿಜ್ಜಾ ತರುವ ಹುಡುಗನ ಅಭಿಪ್ರಾಯ ಬೇರೆ.

ಈ ಮನೆಯ ವೈರಿಂಗ್ ಸರಿಮಾಡಿಸುವಾಗ ನಾನು ದುಡ್ಡು ಕೊಟ್ಟ ಇಬ್ಬರ ಬಗ್ಗೆ, ದುಡ್ಡು ಕೊಡದೆ ಕಳಿಸಿದ ಒಬ್ಬರ ಬಗ್ಗೆ ಮತ್ತು ಕೊನೆಗೆ ನಮ್ಮ ಸ್ವಿಚ್‌ಗಳ ಹಿಂದೆ ಕೂತಿರುವ ಒಂದು ಪುಟ್ಟ ಸಾಮಾನಿನ ಬಗ್ಗೆ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಹೆಸರು ಕೇಳಬೇಡಿ. ಅವರದು ಇಬ್ಬರೇ ಇರುವ ಸಣ್ಣ ಕಸುಬು. "ದಯವಿಟ್ಟು ಎಲ್ಲೂ ಹೆಸರು ಹಾಕಬೇಡಿ, ಈಗ ಇರುವ ಕೆಲಸವೇ ಮುಗಿಯುತ್ತಿಲ್ಲ" ಎಂದು ಅವರೇ ಕೇಳಿಕೊಂಡಿದ್ದಾರೆ. ಉಳಿದವರ ಹೆಸರು ಹಾಕದಿರುವುದು ನನ್ನ ಸೌಜನ್ಯ.

ಮೊದಲು ಇನ್‌ಸ್ಪೆಕ್ಟರ್ ವಿಷಯ. ಒಂಟಾರಿಯೊದಲ್ಲಿ ಮನೆ ತಪಾಸಣೆ ಮಾಡುವವರಿಗೆ ಪರವಾನಗಿ ಬೇಕು ಎನ್ನುವ ಕಾನೂನು 2017ರಲ್ಲೇ ಅಂಗೀಕಾರವಾಗಿದ್ದರೂ ನಾವು ಮನೆ ಹುಡುಕುವ ಹೊತ್ತಿಗೆ ಅದು ಜಾರಿಗೆ ಬಂದಿರಲಿಲ್ಲ. ಅಂದರೆ ಒಂದು ಟಾರ್ಚ್, ಒಂದು ಏಣಿ, ಒಂದು ವಿಸಿಟಿಂಗ್ ಕಾರ್ಡ್ ಇದ್ದವರೆಲ್ಲ ಇನ್‌ಸ್ಪೆಕ್ಟರ್. ನಮಗೆ ಸಿಕ್ಕವರು ಅಷ್ಟು ಅಗ್ಗದವರಲ್ಲ. ಐನೂರೈವತ್ತು ಡಾಲರ್, ಅದರ ಮೇಲೆ 13% ತೆರಿಗೆ. ಚಾವಣಿ, ಮನೆ ಬಿಸಿಮಾಡುವ ಕುಲುಮೆ, ನೀರಿನ ಕೊಳವೆ ಎಲ್ಲ ನೋಡಿ ಬೇಸ್‌ಮೆಂಟ್‌ಗೆ ಇಳಿದರು. ಬ್ರೇಕರ್ ಪ್ಯಾನೆಲ್‌ನ ಮುಚ್ಚಳ ತೆಗೆದು ನನ್ನನ್ನು ಹತ್ತಿರ ಕರೆದರು. ಒಳಗೆ ತಂತಿಯ ತುದಿಗಳು ಬೆಳ್ಳಗಿದ್ದವು.

ಇಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಇಷ್ಟವಾಯಿತು. ಬಣ್ಣ ನೋಡಿ ತೀರ್ಪು ಕೊಡಲಿಲ್ಲ. ಬೇಸ್‌ಮೆಂಟ್‌ನ ಮರದ ತೊಲೆಗಳ ನಡುವೆ ಹಾದುಹೋಗಿದ್ದ ಕೇಬಲ್‌ನ ಕವಚವನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು, ಅದರ ಮೇಲೆ ಅಚ್ಚಾದ ಅಕ್ಷರಗಳನ್ನು ಓದಿಸಿದರು. ಕೆನಡಾದಲ್ಲಿ ಅಲ್ಯೂಮಿನಿಯಂ ಕೇಬಲ್‌ನ ಕವಚದ ಮೇಲೆ 'ಅಲ್ಯೂಮಿನಮ್' ಎಂದು ಪೂರ್ತಿಯಾಗಿ, ಇಲ್ಲವೇ 'ಎಎಲ್' ಎಂದು ಚುಟುಕಾಗಿ ಬರೆದಿರುತ್ತದೆ. 'ಎಸಿಎಂ' ಎಂದಿದ್ದರೆ ಅದು ಆಮೇಲೆ ಬಂದ ಸುಧಾರಿತ ಮಿಶ್ರಲೋಹದ ತಂತಿ. ನಮ್ಮದು ಹಳೆಯದೇ.

ಆ ರಾತ್ರಿ ತಿಪಟೂರಿಗೆ ಫೋನ್ ಮಾಡಿದೆ. ನಮ್ಮ ತಂದೆ ಕೆಇಬಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ವಿದ್ಯುತ್ತಿನ ವಿಷಯದಲ್ಲಿ ಇಂಟರ್ನೆಟ್‌ಗಿಂತ ಮೊದಲು ನಾನು ಕೇಳುವುದು ಅವರನ್ನೇ.

"ಬೆಳ್ಳಗಿದ್ದ ಮಾತ್ರಕ್ಕೆ ಅಲ್ಯೂಮಿನಿಯಂ ಅಂತ ಹೇಗೆ ಹೇಳುತ್ತೀಯಮ್ಮ? ಕಲಾಯಿ ಹಾಕಿದ ತಾಮ್ರವೂ ಬೆಳ್ಳಗೇ ಇರುತ್ತದೆ" ಎಂದರು ಮೊದಲಿಗೆ. ರಬ್ಬರ್ ಕವಚದ ಹಳೆಯ ಕೇಬಲ್‌ಗಳಲ್ಲಿ ತಾಮ್ರಕ್ಕೆ ತವರದ ಲೇಪ ಇರುತ್ತಿತ್ತು ಎನ್ನುವುದು ನಿಜ. ಕವಚದ ಮೇಲಿನ ಅಕ್ಷರ ಓದಿದ್ದೇವೆ ಎಂದ ಮೇಲೆ ಒಪ್ಪಿದರು. "ಸರಿ, ಅದಕ್ಕೆ ಯಾಕೆ ಇಷ್ಟು ಗಾಬರಿ? ಕಂಬದಿಂದ ಕಂಬಕ್ಕೆ ನಾವು ಎಳೆಯುತ್ತಿದ್ದುದು ಏನು, ಬಂಗಾರವೇ? ಒಳಗೆ ಉಕ್ಕು, ಮೇಲೆ ಅಲ್ಯೂಮಿನಿಯಂ. ತಂತಿ ಸುಡುವುದಿಲ್ಲ, ಸುಡುವುದು ಜಾಯಿಂಟ್. ತಾಮ್ರಕ್ಕೂ ಅಲ್ಯೂಮಿನಿಯಂಗೂ ಸುಮ್ಮನೆ ಗಂಟು ಹಾಕಿ ಬಂದರೆ ನಮ್ಮ ಎಇ ಸಾಹೇಬರು ಕಂಬ ಮತ್ತೆ ಹತ್ತಿಸುತ್ತಿದ್ದರು. ಅದಕ್ಕೆಂದೇ ಬೇರೆ ಕ್ಲಾಂಪ್ ಇದೆ."

ಈ ಮಾತನ್ನು ನಾನು ಆಮೇಲೆ ಓದಿದ್ದೆಲ್ಲ ಬೇರೆ ಬೇರೆ ಉದ್ದದಲ್ಲಿ ಹೇಳುತ್ತಿತ್ತು. ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. 1960ರ ದಶಕದ ನಡುವೆ ತಾಮ್ರದ ಬೆಲೆ ಏರಿದಾಗ ಉತ್ತರ ಅಮೆರಿಕದ ಕಟ್ಟಡ ಗುತ್ತಿಗೆದಾರರು ಮನೆಯೊಳಗಿನ ಸಣ್ಣ ಸರ್ಕ್ಯೂಟ್‌ಗಳಿಗೂ ಒಂಟಿ ಎಳೆಯ ಅಲ್ಯೂಮಿನಿಯಂ ತಂತಿ ಹಾಕತೊಡಗಿದರು. ಅಮೆರಿಕದಲ್ಲಿ ಇದು ಸುಮಾರು 1965ರಿಂದ 1973ರವರೆಗೆ ನಡೆಯಿತು. ಕೆನಡಾದಲ್ಲಿ 1970ರ ದಶಕದ ಕೊನೆಯ ಭಾಗದವರೆಗೂ ಎಳೆಯಿತು. ಅಲ್ಯೂಮಿನಿಯಂ ತಾಮ್ರದಷ್ಟು ಚೆನ್ನಾಗಿ ವಿದ್ಯುತ್ ಹರಿಸುವುದಿಲ್ಲ, ಅದಕ್ಕೇ ಒಂದು ಗಾತ್ರ ದಪ್ಪದ ತಂತಿ ಹಾಕಿದರು: 15 ಆಂಪಿಯರ್‌ಗೆ ತಾಮ್ರವಾದರೆ 14ನೇ ಗೇಜ್ ಸಾಕು, ಅಲ್ಯೂಮಿನಿಯಂ ಆದರೆ 12 ಬೇಕು (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ). ಲೆಕ್ಕ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು.

ಲೆಕ್ಕ ತಪ್ಪಿದ್ದು ಸ್ಕ್ರೂ ಅಡಿಯಲ್ಲಿ. ಬಿಸಿಯಾದಾಗ ಅಲ್ಯೂಮಿನಿಯಂ ತಾಮ್ರಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಹಿಗ್ಗುತ್ತದೆ, ಉಕ್ಕಿನ ಸ್ಕ್ರೂಗೆ ಹೋಲಿಸಿದರೆ ಹೆಚ್ಚು ಕಡಿಮೆ ಎರಡು ಪಟ್ಟು. ಅದರ ಮೇಲೆ ಅದು ಮೆತ್ತನೆಯ ಲೋಹ. ಬಿಗಿಯಾಗಿ ಒತ್ತಿಟ್ಟರೆ ಲಟ್ಟಣಿಗೆಯಡಿಯ ಚಪಾತಿ ಹಿಟ್ಟಿನ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗಿ, ವರ್ಷಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾದ ಸಂದಿಗೆ ಗಾಳಿ ಹೋಗಿ ಲೋಹದ ಮೇಲೆ ಆಕ್ಸೈಡ್‌ನ ಪದರ ಕಟ್ಟುತ್ತದೆ. ತಾಮ್ರದ ಆಕ್ಸೈಡ್ ಹೇಗೋ ಸ್ವಲ್ಪ ವಿದ್ಯುತ್ ಬಿಡುತ್ತದೆ. ಅಲ್ಯೂಮಿನಿಯಂನದು ಬಿಡುವುದೇ ಇಲ್ಲ. ಅಲ್ಲಿ ತಡೆ ಹೆಚ್ಚಿ, ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಸಡಿಲವಾಗುತ್ತದೆ. ಇದರಲ್ಲಿ ಶಾರ್ಟ್ ಸರ್ಕ್ಯೂಟ್ ಆಗುವುದಿಲ್ಲ, ಕರೆಂಟ್ ಮಿತಿ ಮೀರುವುದಿಲ್ಲ. ಆದ್ದರಿಂದ ಬ್ರೇಕರ್‌ಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಹೆಸರಿನಲ್ಲಿ ಒಂದು ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ: 55 ಪಟ್ಟು. ಇದನ್ನು "ಮನೆಗೆ ಬೆಂಕಿ ಬೀಳುವ ಸಾಧ್ಯತೆ 55 ಪಟ್ಟು" ಎಂದು ಹೇಳಿ ಹೆದರಿಸುವವರಿದ್ದಾರೆ, ಅದು ಸರಿಯಲ್ಲ. ಸಮೀಕ್ಷೆ ಹೇಳಿದ್ದು ಬೇರೆ. 1972ಕ್ಕೆ ಮುಂಚೆ ತಯಾರಾದ ಅಲ್ಯೂಮಿನಿಯಂ ತಂತಿ ಇರುವ ಮನೆಗಳಲ್ಲಿ ಒಂದೋ ಹೆಚ್ಚೋ ಜೋಡಣೆಗಳು ಬೆಂಕಿಯ ಅಪಾಯದ ಮಟ್ಟಕ್ಕೆ ಬಿಸಿಯಾಗುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಎಂದು. ಆ ಮಟ್ಟ ತಲುಪಿದ ಜೋಡಣೆಯೆಲ್ಲ ಮನೆ ಸುಡುವುದಿಲ್ಲ. ಹಾಗೆಂದು ನಾನು ನಿಶ್ಚಿಂತೆಯಿಂದ ಮಲಗಿದೆ ಎಂದೇನೂ ಅಲ್ಲ.

ಅಂದ ಹಾಗೆ, ಒಂಟಾರಿಯೊ ಸರ್ಕಾರ 1970ರ ದಶಕದ ಕೊನೆಯಲ್ಲಿ ಈ ವಿಷಯಕ್ಕೇ ಒಂದು ವಿಚಾರಣಾ ಆಯೋಗ ನೇಮಿಸಿತ್ತು. ಅದರ ಅಧ್ಯಕ್ಷರು ಜೆ. ಟುಜೊ ವಿಲ್ಸನ್. ಭೂಮಿಯ ಫಲಕಗಳು ಹೇಗೆ ಜರುಗುತ್ತವೆ, ಹವಾಯಿಯ ದ್ವೀಪಗಳು ಹೇಗೆ ಸಾಲಾಗಿ ಹುಟ್ಟಿದವು ಎಂದು ಲೋಕಕ್ಕೆ ತಿಳಿಸಿದ ಭೂವಿಜ್ಞಾನಿ ಬ್ರಾಂಪ್ಟನ್‌ನಂಥ ಊರುಗಳ ಪ್ಲಗ್ ಪಾಯಿಂಟ್‌ಗಳ ಬಗ್ಗೆ ಸಾಕ್ಷ್ಯ ಕೇಳುತ್ತಾ ಕೂತಿದ್ದರು ಎನ್ನುವುದು ನನಗೆ ಯಾಕೋ ಬಹಳ ಹಿಡಿಸಿತು. ಇಂದು ಇಲ್ಲಿನ ವಿದ್ಯುತ್ ಸುರಕ್ಷತಾ ಪ್ರಾಧಿಕಾರ, ಎಂದರೆ ಇಎಸ್‌ಎ, ಹೇಳುವುದೂ ನಮ್ಮ ತಂದೆ ಹೇಳಿದ್ದೇ: ಒಪ್ಪಿಗೆ ಪಡೆದ ಸಾಮಾನು ಬಳಸಿ, ತಂತಿಗೆ ಗಾಯ ಮಾಡದೆ ಸರಿಯಾಗಿ ಜೋಡಿಸಿದರೆ ಅಲ್ಯೂಮಿನಿಯಂ ತಂತಿಯಿಂದ ತೊಂದರೆಯಿಲ್ಲ.

ಹಾಗಾದರೆ ಇನ್‌ಸ್ಪೆಕ್ಟರ್‌ಗೆ ಎರಡು ಸ್ಟಾರ್ ಕಡಿಮೆ ಏಕೆ? ಎದುರಿಗೆ ನಿಂತು ಅಷ್ಟು ಚೆನ್ನಾಗಿ ತೋರಿಸಿದ ಮನುಷ್ಯ ಕಳುಹಿಸಿದ ವರದಿಯಲ್ಲಿ ಅದ್ಯಾವುದೂ ಇರಲಿಲ್ಲ. ದಪ್ಪನೆಯ ಪಿಡಿಎಫ್, ಮುಕ್ಕಾಲು ಪಾಲು ಎಲ್ಲ ಮನೆಗಳಿಗೂ ಅಂಟಿಸುವ ಒಂದೇ ಬರಹ. ವೈರಿಂಗ್ ಬಗ್ಗೆ ಕೆಂಪು ಅಕ್ಷರದಲ್ಲಿ "ಅಲ್ಯೂಮಿನಿಯಂ ಇದೆ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದ ಹೆಚ್ಚಿನ ಪರಿಶೀಲನೆ ಮಾಡಿಸಿ" ಎಂಬ ಒಂದು ಸಾಲು. ಕವಚದ ಅಕ್ಷರಗಳ ಫೋಟೊ ಇಲ್ಲ. ಮಹಡಿಯ ಸರ್ಕ್ಯೂಟ್‌ಗಳು ಅಲ್ಯೂಮಿನಿಯಂ, ಆಮೇಲೆ ಕಟ್ಟಿದ ಬೇಸ್‌ಮೆಂಟ್ ಕೋಣೆಯದು ತಾಮ್ರ ಎಂದು ಬಾಯಲ್ಲಿ ಹೇಳಿದವರು ಬರೆಯಲಿಲ್ಲ. ತಪಾಸಣೆ ಎಂದರೆ ಕಣ್ಣಿಗೆ ಕಾಣುವುದನ್ನು ನೋಡುವುದು ಮಾತ್ರ, ಸ್ವಿಚ್ ಬಾಕ್ಸ್ ಬಿಚ್ಚುವುದು ಅವರ ಕೆಲಸವಲ್ಲ ಎನ್ನುವುದು ಒಪ್ಪಂದದಲ್ಲೇ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಕಂಡದ್ದನ್ನಾದರೂ ಬರೆಯಬೇಕಲ್ಲ. ವಿಮೆ ಕಂಪನಿಯವರು ಓದುವುದು ವರದಿಯನ್ನು, ಬೇಸ್‌ಮೆಂಟ್‌ನಲ್ಲಿ ಆಡಿದ ಮಾತನ್ನಲ್ಲ.

ವಿಮೆಯವರು ಅದನ್ನು ಓದಿದರು ಕೂಡ. ನಮ್ಮ ಬ್ರೋಕರ್ ಮೊದಲು ಕೇಳಿದ ಕಂಪನಿ ನೇರವಾಗಿ ಬೇಡ ಎಂದಿತು. ಇನ್ನೊಂದು, ಮನೆ ಕೈಗೆ ಬಂದ ಮೇಲೆ ಗಡುವಿನೊಳಗೆ ಕೆಲಸ ಮಾಡಿಸಿ ಇಎಸ್‌ಎ ಪ್ರಮಾಣಪತ್ರ ಕಳಿಸಿದರೆ ಆಗಬಹುದು ಎಂದಿತು. ವಿಮೆಯಿಲ್ಲದೆ ಬ್ಯಾಂಕ್ ಸಾಲ ಕೊಡುವುದಿಲ್ಲ. ನಾವು ಬರೆದ ಆಫರ್‌ನಲ್ಲಿ ತಪಾಸಣೆಯ ಷರತ್ತಿನ ಜೊತೆಗೆ ವಿಮೆಯ ಷರತ್ತನ್ನೂ ಸೇರಿಸಿದ್ದೆವು; ಸೇರಿಸಿ ಎಂದು ಹಟ ಹಿಡಿದದ್ದು ನಾನು. ಲಾರಿ ಕಂಪನಿಯೊಂದರ ಲೆಕ್ಕಪತ್ರ ನೋಡುವವಳಿಗೆ ವಿಮೆಯವರ ಸ್ವಭಾವ ಗೊತ್ತಿರುತ್ತದೆ. ಆ ಷರತ್ತು ಇದ್ದದ್ದರಿಂದಲೇ ಮಾರುವವರ ಜೊತೆ ಕೂತು ಬೆಲೆ ಇಳಿಸುವ ಮಾತಾಡಲು ಆಯಿತು. ಎಷ್ಟು ಇಳಿಸಿದರು ಎಂದು ಬರೆಯುವುದಿಲ್ಲ, ಪಕ್ಕದ ಮನೆಯವರೂ ಕನ್ನಡದವರೇ.

ಇನ್ನು ದುಡ್ಡು ಕೊಡದೆ ಕಳಿಸಿದವರ ವಿಷಯ. ದೊಡ್ಡ ವ್ಯಾನು, ಹೊಳೆಯುವ ಟ್ಯಾಬ್ಲೆಟ್, ಇಸ್ತ್ರಿ ಮಾಡಿದ ಸಮವಸ್ತ್ರ. ಬಂದವರು ಪ್ಯಾನೆಲ್ ನೋಡಿದರು, ಕೋಣೆಗಳನ್ನು ಎಣಿಸಿದರು, ಕಾಫಿ ಕುಡಿದರು. ಒಂದೇ ಒಂದು ಸ್ವಿಚ್ಚಿನ ಪ್ಲೇಟ್ ಬಿಚ್ಚಲಿಲ್ಲ. ಇಡೀ ಮನೆಯ ತಂತಿ ಕಿತ್ತು ತಾಮ್ರ ಹಾಕುವುದೊಂದೇ ದಾರಿ, ಇಪ್ಪತ್ತೆರಡು ಸಾವಿರ ಡಾಲರ್, ಗೋಡೆ ಒಡೆದ ಮೇಲೆ ಮುಚ್ಚಿ ಬಣ್ಣ ಹಚ್ಚುವುದು ನಿಮ್ಮದು ಎಂದರು. ಬೇರೆ ದಾರಿ ಇದೆಯಂತಲ್ಲ ಎಂದರೆ "ನಿಮ್ಮ ಮಕ್ಕಳು ಈ ಮನೆಯಲ್ಲಿ ಮಲಗುತ್ತಾರಲ್ಲವೇ ಮೇಡಂ?" ಎಂದು ಕೇಳಿದರು. ಮಕ್ಕಳನ್ನು ಮುಂದಿಟ್ಟು ವ್ಯಾಪಾರ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ತಂತಿ ಪೂರ್ತಿ ಬದಲಿಸುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ ಎನ್ನುವುದರಲ್ಲಿ ಅನುಮಾನವಿಲ್ಲ. ಗೋಡೆಗಳನ್ನು ಹೇಗೂ ಒಡೆದು ಮನೆ ಹೊಸದು ಮಾಡುವವರಾದರೆ ಅದನ್ನೇ ಮಾಡಿಸಿ. ನಾವು ಒಡೆಯುತ್ತಿರಲಿಲ್ಲ. ಒಂದು ಜೋಡಣೆಯನ್ನೂ ನೋಡದೆ ಜೋಡಣೆಯ ಕಾಯಿಲೆಗೆ ಮದ್ದು ಬರೆದವರಿಗೆ ನನ್ನ ಕಡೆಯಿಂದ ಒಂದು ಸ್ಟಾರ್, ಅದೂ ಸಮಯಕ್ಕೆ ಸರಿಯಾಗಿ ಬಂದದ್ದಕ್ಕೆ.

ನನ್ನ ಗಂಡನ ಸಹೋದ್ಯೋಗಿಯೊಬ್ಬರು "ನಗದು ಕೊಟ್ಟರೆ ಒಂದು ಶನಿವಾರದಲ್ಲಿ ಮುಗಿಸುವ ಹುಡುಗ ಇದ್ದಾನೆ" ಎಂದರು. ಒಂಟಾರಿಯೊದಲ್ಲಿ ದುಡ್ಡು ಪಡೆದು ವಿದ್ಯುತ್ ಕೆಲಸ ಮಾಡುವವರಿಗೆ ಪರವಾನಗಿ ಕಡ್ಡಾಯ. ಏಳು ಅಂಕೆಯ ಆ ಸಂಖ್ಯೆ ವ್ಯಾನಿನ ಮೇಲೂ ಅಂದಾಜು ಪಟ್ಟಿಯ ಮೇಲೂ ಇರಬೇಕು. ಇಲ್ಲದಿದ್ದರೆ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದಿದ್ದರೆ ಪ್ರಮಾಣಪತ್ರ ಇಲ್ಲ, ಅದು ಇಲ್ಲದಿದ್ದರೆ ವಿಮೆ ಇಲ್ಲ. ಆ ಮಾತು ಅಲ್ಲಿಗೇ ಮುಗಿಯಿತು.

ಈಗ ನಾಲ್ಕೂವರೆ ಸ್ಟಾರ್‌ನವರು. ಹಿರಿಯರು ಪೋರ್ಚುಗಲ್ ಮೂಲದವರು, ಅರವತ್ತು ದಾಟಿರಬೇಕು. ಜೊತೆಯಲ್ಲಿ ಕೆಲಸ ಕಲಿಯುತ್ತಿರುವ ಒಬ್ಬ ಪಂಜಾಬಿ ಹುಡುಗಿ. ಅಂದಾಜು ಕೊಡಲು ಬಂದ ದಿನವೇ ಬ್ರೇಕರ್ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಮೂರು ಬಾಕ್ಸ್ ಬಿಚ್ಚಿದರು: ಒಂದು ಮಲಗುವ ಕೋಣೆಯದು, ಒಂದು ಅಡುಗೆಮನೆಯದು, ಒಂದು ಚಾವಣಿಯ ದೀಪದ್ದು. ಯಾವುದನ್ನು ಬಿಚ್ಚಬೇಕೆಂದು ಆರಿಸಿದ್ದರಲ್ಲೇ ಅವರ ಅನುಭವ ಕಂಡಿತು. ಮಲಗುವ ಕೋಣೆಯಲ್ಲಿ ಚಳಿಗಾಲಕ್ಕೆ ಹೀಟರ್ ಹಚ್ಚುತ್ತಾರೆ, ಅಡುಗೆಮನೆಯನ್ನು ಹಿಂದಿನವರು ನವೀಕರಿಸಿರುತ್ತಾರೆ, ಚಾವಣಿಯ ದೀಪದ ಬಾಕ್ಸ್‌ನಲ್ಲಿ ಅತಿ ಹೆಚ್ಚು ತಂತಿಗಳು ಸೇರಿರುತ್ತವೆ.

ಮೂರರಲ್ಲಿ ಎರಡು ಕೆಟ್ಟಿದ್ದವು. 1972ರಲ್ಲಿ ಹಾಕಿದ್ದ ಚಾವಣಿಯ ಜೋಡಣೆ ಹಾಗೇ ಗಟ್ಟಿಯಾಗಿತ್ತು. ಕೆಟ್ಟಿದ್ದದ್ದು ಆಮೇಲೆ ಯಾರೋ ಕೈಯಾಡಿಸಿದ ಕಡೆ. ಮಲಗುವ ಕೋಣೆಯ ಹಳೆಯ ಪಾಯಿಂಟ್ ತೆಗೆದು ತಾಮ್ರಕ್ಕೆ ಮಾತ್ರ ಆಗುವ ಅಗ್ಗದ ಸಾಕೆಟ್ ಹಾಕಿದ್ದರು. ಅದರ ನ್ಯೂಟ್ರಲ್ ಸ್ಕ್ರೂ ಪಕ್ಕದ ಪ್ಲಾಸ್ಟಿಕ್ ಕಂದಿಹೋಗಿ ಗುಳ್ಳೆ ಎದ್ದಿತ್ತು, ಬಿಳಿ ಕವಚ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಯಲ್ಲಿ ಹೊಸ ತಾಮ್ರದ ತುಂಡನ್ನು ಹಳೆಯ ಅಲ್ಯೂಮಿನಿಯಂ ಜೊತೆ ಸೇರಿಸಿ ಮಾಮೂಲಿ ಟೊಪ್ಪಿಗೆ, ಎಂದರೆ ತಂತಿಯ ತುದಿಗಳನ್ನು ಸೇರಿಸುವ ಪ್ಲಾಸ್ಟಿಕ್ ಮುಚ್ಚಳ, ತಿರುಗಿಸಿ ಬಿಟ್ಟಿದ್ದರು. ತಂದೆಯವರ ಎಇ ಸಾಹೇಬರು ಇದ್ದಿದ್ದರೆ ಏನು ಹೇಳುತ್ತಿದ್ದರೋ.

ಆ ಸಾಕೆಟ್‌ನ ಫೋಟೊ ಅಪ್ಪನಿಗೆ ಕಳಿಸಿದೆ. ನಮ್ಮ ತಿಪಟೂರಿನ ಮನೆಯಲ್ಲೂ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ಎಳೆದ ಅಲ್ಯೂಮಿನಿಯಂ ವೈರಿಂಗ್ ಬಹಳ ಕಾಲ ಇತ್ತು. "ನಮ್ಮಲ್ಲಿ ಇಷ್ಟು ಸುಟ್ಟದ್ದು ನೆನಪಿಲ್ಲವಲ್ಲಮ್ಮ" ಎಂದರು. ಆಗ ಕೂತು ಲೆಕ್ಕ ಹಾಕಿದೆವು. ಅಲ್ಲಿ ನಾಲ್ಕು ಬಲ್ಬ್, ಎರಡು ಫ್ಯಾನು, ಒಂದು ರೇಡಿಯೊ. ಇಲ್ಲಿ ಒಂದು ಕೆಟಲ್‌ಗೇ 1500 ವಾಟ್. ಅದಕ್ಕಿಂತ ಮುಖ್ಯ, ಅಲ್ಲಿ 230 ವೋಲ್ಟ್, ಇಲ್ಲಿ 120. ಅದೇ 1500 ವಾಟ್‌ಗೆ ಭಾರತದಲ್ಲಿ ಆರೂವರೆ ಆಂಪಿಯರ್ ಹರಿದರೆ ಇಲ್ಲಿ ಹನ್ನೆರಡೂವರೆ. ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅಷ್ಟೇ ಸಡಿಲವಾದ ಜಾಯಿಂಟ್ ಇಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಹುಟ್ಟಿಸುತ್ತದೆ. ಅಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹೀಟರ್ ಹಾಕಬೇಡ, ಕಂಬಳಿ ಹೊದ್ದುಕೋ" ಎಂದರು. ಬ್ರಾಂಪ್ಟನ್‌ನ ಜನವರಿಯಲ್ಲಿ.

ಪರಿಹಾರಕ್ಕೆ ಏನೇನಿದೆ ಎಂದು ಹಿರಿಯರು ಅಡುಗೆಮನೆಯ ಮೇಜಿನ ಮೇಲೆ ಸಾಮಾನು ಹರಡಿ ತೋರಿಸಿದರು. ಮೊದಲನೆಯದು ಸಿಓ/ಎಎಲ್‌ಆರ್ ಎಂಬ ಗುರುತಿನ ಸಾಕೆಟ್ ಮತ್ತು ಸ್ವಿಚ್. ಅಲ್ಯೂಮಿನಿಯಂ ತಂತಿಯನ್ನು ನೇರವಾಗಿ ಇದರ ಸ್ಕ್ರೂಗೆ ಹಾಕಬಹುದು. ಒಂಟಾರಿಯೊದಲ್ಲಿ ಒಪ್ಪುತ್ತಾರೆ. ಆದರೆ ಅಂಗಡಿಯಲ್ಲಿ ಆಯ್ಕೆ ಕಡಿಮೆ, ಮಾಮೂಲಿ ಸಾಕೆಟ್‌ಗಿಂತ ಬೆಲೆ ಹಲವು ಪಟ್ಟು. ಸಿಂಕ್ ಹತ್ತಿರ ಬೇಕಾದ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸಾಕೆಟ್), ದೀಪ ಮಂದ ಮಾಡುವ ಡಿಮ್ಮರ್, ಮೊಬೈಲ್‌ನಿಂದ ನಡೆಯುವ ಸ್ಮಾರ್ಟ್ ಸ್ವಿಚ್ ಬೇಕೆಂದರೆ ಇದು ಉಪಯೋಗಕ್ಕೆ ಬರುವುದಿಲ್ಲ. ಚಾವಣಿಯ ದೀಪಗಳಿಗೂ ಅಷ್ಟೇ.

ಎರಡನೆಯದು ಬಾಲ ಸೇರಿಸುವುದು. ಅಲ್ಯೂಮಿನಿಯಂ ತುದಿಗೆ ಗೇಣುದ್ದದ ತಾಮ್ರದ ತುಂಡು ಜೋಡಿಸಿ, ಆ ತಾಮ್ರವನ್ನು ಸಾಕೆಟ್‌ಗೆ ಹಾಕುವುದು. ಆಮೇಲೆ ಯಾವ ಸಾಕೆಟ್ ಬೇಕಾದರೂ ಹಾಕಿಕೊಳ್ಳಬಹುದು. ಪ್ರಶ್ನೆ ಇರುವುದು ಈ ಎರಡು ಲೋಹಗಳನ್ನು ಯಾವುದರಿಂದ ಸೇರಿಸುತ್ತೀರಿ ಎಂಬುದರಲ್ಲಿ. ತಿರುಗಿಸಿ ಹಾಕುವ ಟೊಪ್ಪಿಗೆಯನ್ನು ಇಲ್ಲಿನವರು ಯಾವ ಕಂಪನಿಯದಾದರೂ 'ಮಾರೆಟ್' ಎಂದೇ ಕರೆಯುತ್ತಾರೆ. ಅದರಲ್ಲಿ ಅಲ್ಯೂಮಿನಿಯಂಗೆಂದೇ ಮಾಡಿದ 63 ಮತ್ತು 65 ಎಂಬ ಸಂಖ್ಯೆಯವು ಇವೆ. ಐಡಿಯಲ್ ಕಂಪನಿಯ ನೇರಳೆ ಬಣ್ಣದ 65 ಕೂಡ ಇದೆ. ಅಗ್ಗ, ಬೇಗ ಮುಗಿಯುತ್ತದೆ, ನಿಯಮಕ್ಕೆ ಸರಿ. ಆದರೆ ಅಮೆರಿಕದ ಆಯೋಗ ತಿರುಗಿಸುವ ಟೊಪ್ಪಿಗೆಗಳನ್ನು ಶಾಶ್ವತ ಪರಿಹಾರವೆಂದು ಒಪ್ಪುವುದಿಲ್ಲ. ಅದು ಒಪ್ಪುವುದು ಮೂರನ್ನೇ: ಪೂರ್ತಿ ತಾಮ್ರ ಹಾಕುವುದು, ಕೊಪಾಲಮ್, ಅಲ್ಯೂಮಿಕಾನ್. ಕೊಪಾಲಮ್ ಎಂದರೆ ವಿಶೇಷ ಯಂತ್ರದಿಂದ ಒತ್ತಿ ಎರಡು ಲೋಹಗಳನ್ನು ಬೆಸೆದಂತೆಯೇ ಸೇರಿಸುವ ಲೋಹದ ಪುಟ್ಟ ಕೊಳವೆ. ಕಂಪನಿಯಿಂದ ತರಬೇತಿ ಪಡೆದವರು ಮಾತ್ರ ಹಾಕಬಹುದು. ಅಂಥವರು ನಮ್ಮ ಸುತ್ತಮುತ್ತ ನನಗೆ ಸಿಗಲಿಲ್ಲ.

ನಾವು ಆರಿಸಿಕೊಂಡದ್ದು ಅಲ್ಯೂಮಿಕಾನ್. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಕನೆಕ್ಟರ್, ಎರಡು ಅಥವಾ ಮೂರು ರಂಧ್ರಗಳದು. ಇದರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೆಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ಮುಟ್ಟುವುದೇ ಇಲ್ಲ. ಒಂದೊಂದು ತಂತಿಗೂ ಬೇರೆ ರಂಧ್ರ, ಬೇರೆ ಸ್ಕ್ರೂ. ಒಳಗೆ ಗಾಳಿ ತಾಗದಂತೆ ಸಿಲಿಕೋನ್ ಜಿಡ್ಡು ತುಂಬಿರುತ್ತದೆ. ಆದರೆ ಸ್ಕ್ರೂ ಬಿಗಿ ಮಾಡುವುದು ಕೈಯ ಅಂದಾಜಿಗೆ ಬಿಟ್ಟ ವಿಷಯವಲ್ಲ. ಇಷ್ಟೇ ಬಲ ಎಂದು ನಿಗದಿ ಮಾಡಿದ ಟಾರ್ಕ್ ಸ್ಕ್ರೂಡ್ರೈವರ್ ಬೇಕು: 12ನೇ ಗೇಜ್ ಅಲ್ಯೂಮಿನಿಯಂಗೆ 10 ಇಂಚು-ಪೌಂಡ್, 10ನೇ ಗೇಜ್‌ಗೆ 15. ಕಡಿಮೆಯಾದರೆ ಹಳೆಯ ಕಥೆಯೇ, ಹೆಚ್ಚಾದರೆ ಮೆತ್ತನೆಯ ತಂತಿ ಕತ್ತರಿಸುತ್ತದೆ. ಅಂದಾಜು ಕೇಳುವಾಗ "ನಿಮ್ಮಲ್ಲಿ ಟಾರ್ಕ್ ಸ್ಕ್ರೂಡ್ರೈವರ್ ಇದೆಯೇ, ತೋರಿಸುತ್ತೀರಾ?" ಎಂದು ಕೇಳಿ. ಒಬ್ಬರು ನನಗೆ ಫೋನಿನಲ್ಲಿ "ನನ್ನ ಮಣಿಕಟ್ಟೇ ಟಾರ್ಕ್" ಎಂದರು. ಅವರನ್ನು ಮನೆಗೆ ಕರೆಯಲಿಲ್ಲ.

ಕನೆಕ್ಟರ್‌ನ ಅವಗುಣವನ್ನೂ ಹೇಳಬೇಕು. ಜಾಗ ತಿನ್ನುತ್ತದೆ. 1972ರ ಕಬ್ಬಿಣದ ಬಾಕ್ಸ್‌ಗಳು ಪುಟಾಣಿ. ಫೇಸ್, ನ್ಯೂಟ್ರಲ್, ಅರ್ಥ್ ಎಂದು ಮೂರು ಕನೆಕ್ಟರ್, ಅವುಗಳ ಬಾಲ, ಅದರ ಮುಂದೆ ಒಂದು ಜಿಎಫ್‌ಸಿಐ ತುರುಕುವುದು ಅಸಾಧ್ಯ. ಅಡುಗೆಮನೆಯಲ್ಲಿ ಮತ್ತು ಬಚ್ಚಲಿನಲ್ಲಿ ಹಳೆಯ ಬಾಕ್ಸ್ ಕಿತ್ತು ಆಳದ ಬಾಕ್ಸ್ ಹಾಕಬೇಕಾಯಿತು. ಸುತ್ತಲಿನ ಗೋಡೆ ಅಲ್ಲಲ್ಲಿ ಉದುರಿತು. ಬೆಲೆಯೂ ಕಡಿಮೆಯಲ್ಲ. ಟೊಪ್ಪಿಗೆ ಸೆಂಟ್‌ಗಳ ಲೆಕ್ಕದಲ್ಲಿ ಸಿಕ್ಕರೆ ಇದು ಒಂದೊಂದೂ ಡಾಲರ್‌ಗಳ ಲೆಕ್ಕ, ಮನೆ ತುಂಬ ಬೇಕು.

ಒಟ್ಟು ಬಿಲ್ ಪರ್ಮಿಟ್ ಶುಲ್ಕ ಸೇರಿ ನಾಲ್ಕು ಸಾವಿರದ ಆರುನೂರು ಡಾಲರ್ ಚಿಲ್ಲರೆ, ತೆರಿಗೆ ಬೇರೆ. ಅಂದಾಜನ್ನು ಕೋಣೆಯ ಲೆಕ್ಕದಲ್ಲಿ ಕೊಡದೆ ಬಾಕ್ಸ್ ಲೆಕ್ಕದಲ್ಲಿ ಕೊಟ್ಟಿದ್ದರು. ಸಾಕೆಟ್, ಸ್ವಿಚ್, ದೀಪ, ಹೊಗೆ ಅಲಾರಂ, ಡಿಶ್‌ವಾಶರ್, ಕುಲುಮೆ, ಯಾರೂ ನೆನೆಯದ ಬಾಗಿಲ ಗಂಟೆಯ ಟ್ರಾನ್ಸ್‌ಫಾರ್ಮರ್, ಎಲ್ಲವೂ ಪಟ್ಟಿಯಲ್ಲಿ. ಅರ್ಧ ಜೋಡಣೆಗಳನ್ನು ಮಾತ್ರ ಸರಿಮಾಡುವುದು ಕೆಲಸವೇ ಅಲ್ಲ ಎನ್ನುವುದು ಅವರ ನಿಲುವು. ಹಿಂದಿನವರು ಬಟ್ಟೆ ಕಪಾಟಿನ ಹಿಂದೆ ಮುಚ್ಚಿದ್ದ ಒಂದು ಬಾಕ್ಸನ್ನು ಆ ಹುಡುಗಿ ಸರ್ಕ್ಯೂಟ್ ಬೆನ್ನು ಹತ್ತಿ ಹುಡುಕಿ ತೆಗೆದಳು. ಕವಚ ಸುಲಿಯುವಾಗ ಅವಳ ಕೈ ನೋಡಬೇಕಿತ್ತು. ಅಲ್ಯೂಮಿನಿಯಂ ಮೇಲೆ ಚಾಕುವಿನ ಗೀರು ಬಿದ್ದರೆ ಮಡಿಸಿದಾಗ ಅಲ್ಲೇ ಮುರಿಯುತ್ತದೆ. ಹಿರಿಯರು ಒಂದು ಕಡೆ ಗೀರು ಕಂಡು ಏನೂ ಹೇಳದೆ ತುದಿ ಕತ್ತರಿಸಿ ಮತ್ತೆ ಅವಳ ಕೈಗೇ ಕೊಟ್ಟರು. ಆ ತಂತಿ ಈಗ ಇನ್ನೂ ಗಿಡ್ಡವಾಯಿತು, ಮೂಗು ಗೋಡೆಗೆ ತಾಗಿಸಿಕೊಂಡು ಮಾಡಿದಳು.

ಇಎಸ್‌ಎ ಇನ್‌ಸ್ಪೆಕ್ಟರ್ ಬಂದಾಗ ಕೆಲವು ಬಾಕ್ಸ್‌ಗಳನ್ನು ತೆರೆದೇ ಇಟ್ಟಿದ್ದರು. ಅವರು ತಮಗೆ ಬೇಕಾದ ಇನ್ನೂ ಕೆಲವನ್ನು ಬಿಚ್ಚಿಸಿ ನೋಡಿ ಹೋದರು. ಪ್ರಮಾಣಪತ್ರ ಬಂತು, ಬ್ರೋಕರ್‌ಗೆ ಕಳಿಸಿದೆ, ವಿಮೆಯವರು ಷರತ್ತು ತೆಗೆದರು. ಪ್ರೀಮಿಯಂ ಮಾತ್ರ ಇಳಿಸಲಿಲ್ಲ.

ಅರ್ಧ ಸ್ಟಾರ್ ಕಡಿತಕ್ಕೆ ಕಾರಣಗಳು. ಒಂದು, ಎಲ್ಲ ಮಾತೂ ಮೆಸೇಜಿನಲ್ಲಿ, ಅದೂ ಎರಡೆರಡು ಪದಗಳಲ್ಲಿ. "ನಾಳೆ ಬೆಳಿಗ್ಗೆ" ಎಂದರೆ ಯಾವ ಬೆಳಿಗ್ಗೆ ಎಂದು ಗೊತ್ತಾಗುವುದಿಲ್ಲ. ಎರಡು, ಕೆಳಗಿನ ಕೋಣೆಗಳಿಗೆ ಬಿಳಿ ಪ್ಲೇಟ್, ಮೇಲಿನವಕ್ಕೆ ಕೆನೆಬಣ್ಣದ್ದು ಹಾಕಿದ್ದಾರೆ, ತಂದಿದ್ದು ಮುಗಿಯಿತಂತೆ. ಮೂರು, ಪ್ಯಾನೆಲ್‌ನ ಪಟ್ಟಿಯನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. 'ಹಿಂದಿನ ಕೋಣೆ' ಎಂದು ಎರಡು ಕಡೆ ಇದೆ, ಯಾವುದರ ಹಿಂದೆ ಎಂದಿಲ್ಲ. ಬ್ರೇಕರ್‌ಗಳನ್ನು ಒಂದೊಂದಾಗಿ ಇಳಿಸಿ, ನನ್ನ ಗಂಡನನ್ನು ಮಹಡಿಗೆ ಕಳಿಸಿ ಕೂಗಿಸಿ, ಆ ಪಟ್ಟಿಯನ್ನು ನಾನೇ ಎಕ್ಸೆಲ್‌ನಲ್ಲಿ ಮಾಡಿ ಅಂಟಿಸಿದ್ದೇನೆ.

ಚಳಿಗಾಲದಲ್ಲಿ ಅವರು ಹೊಸ ಕೆಲಸ ಹಿಡಿಯುವುದು ಕಡಿಮೆ, ತುರ್ತು ಕರೆಗಳೇ ಸಾಕಷ್ಟಿರುತ್ತವೆಯಂತೆ. ಮನೆಯ ಕೀಲಿ ಮಾರ್ಚ್‌ನಲ್ಲಿ ಕೈಗೆ ಬರುವಂತಿದ್ದರೆ ಜನವರಿಯಲ್ಲೇ ಯಾರನ್ನಾದರೂ ಗೊತ್ತುಮಾಡಿಕೊಳ್ಳಿ. ಸಾಮಾನು ಸಾಗಿಸುವ ಮೊದಲೇ, ಗೋಡೆಗಳು ಬರಿದಾಗಿರುವಾಗಲೇ ಮಾಡಿಸಿದರೆ ಅರ್ಧದಷ್ಟು ಹೊತ್ತು ಉಳಿಯುತ್ತದೆ. ಪ್ಲೇಟ್‌ಗಳನ್ನು ನೀವೇ ತಂದಿಡಿ, ಒಂದೇ ಬಣ್ಣದವು.